ಆಕಾಶದ ಕಿಲೋಮೀಟರು

ಸಾಯಿಲಕ್ಷ್ಮಿ ಮಗನ ಮದುವೆಯ ಅಂಗಿಯ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಬ್ಲೇಡಿನ ಮೂಲೆಯಿಂದ ದಾರ ಎತ್ತುವುದು, ಎಳೆಯುವುದು, ಮಡಿಲಿಗೆ ಹಾಕಿಕೊಳ್ಳುವುದು. ಒಳ್ಳೆಯ ಬಟ್ಟೆ, ಹಾಳಾಗುವುದು ಬೇಡ, ಬೇರೆ ಯಾರಿಗಾದರೂ ಅಂಗಿಯಾದೀತು ಎಂದು ಆಕೆಯೇ ಹೇಳಿದಳು. ಸಿಟ್ಟಿನಿಂದಲ್ಲ, ಸುಮ್ಮನೆ ಹೇಳಿದಳು.

ಚೌಡೇಶ್ವರಿಗೆ ಚಾಪೆಯ ಮೇಲೆ ಕೂತಿದ್ದರೂ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ಈ ಮದುವೆ ಮುರಿದದ್ದು ಅವಳ ಬಾಯಿಂದ. ಹದಿನೈದು ದಿನದ ಹಿಂದೆ ಮಡಕಶಿರಾದಲ್ಲಿ, ಹೆಣ್ಣಿನ ಮನೆಯ ಅಂಗಳದಲ್ಲಿ, ಎರಡೂ ಕಡೆಯ ನೆಂಟರ ಎದುರು, ಈ ಮನೆಯ ಮಗ ರವಿತೇಜನೇ ಕಳ್ಳ ಎಂದು ಬೆರಳು ಮಾಡಿದವಳು ಅವಳೇ. ಈಗ ತಾಂಬೂಲದ ತಟ್ಟೆಯನ್ನು ವಾಪಸು ಒಯ್ಯಲು ಬಂದವಳೂ ಅವಳೇ. ಎರಡೂ ಮನೆಗೆ ಬೇಕಾದವಳು ಎಂದರೆ ಹೀಗೇ, ಕೂಡಿಸುವುದಕ್ಕೂ ಮುರಿಯುವುದಕ್ಕೂ ಕರೆ ಬರುತ್ತದೆ. ನಾಳೆ ಬೆಳಿಗ್ಗೆ ಈ ತಟ್ಟೆ ಮಡಕಶಿರಾ ಮುಟ್ಟಿತೆಂದರೆ ಸಂಬಂಧ ಹರಿದಂತೆ. ಆಮೇಲೆ ಹುಡುಗ ಕಳ್ಳನಲ್ಲ ಎಂದು ಯಾರು ಅಂದರೂ ಯಾರೂ ಕೇಳುವುದಿಲ್ಲ.

ಚೌಡೇಶ್ವರಿ ರಾಯದುರ್ಗ–ಹಿಂದೂಪುರ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂದಲು ನರೆಸಿಕೊಂಡವಳು. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದಳು. ಯಾವ ಊರಿಂದ ಯಾವ ಊರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದಳು. ರಿಟೈರ್ ಆದ ಮೇಲೆ ಊರವರು ಕಳೆದ ದನ, ಕದ್ದ ಮೋಟಾರು, ಓಡಿಹೋದ ಅಳಿಯ ಎಲ್ಲಕ್ಕೂ ಅವಳ ಬಾಗಿಲಿಗೇ ಬರುತ್ತಿದ್ದರು. ಹುಡುಕಿಯೂ ಕೊಡುತ್ತಿದ್ದಳು. ಅದರಿಂದಲೇ ಸ್ವಲ್ಪ ತಲೆ ತಿರುಗಿತ್ತು ಎಂದರೆ ಸುಳ್ಳಲ್ಲ.

ಮಡಕಶಿರಾದವರು ಅವಳಿಗೆ ಬೀಗರು. ರೇಷ್ಮೆ ಬೆಳೆಯುವ ಸಣ್ಣತಿಮ್ಮಪ್ಪನ ಮಗ ನಾಗಾರ್ಜುನನಿಗೆ ತನ್ನ ಒಬ್ಬಳೇ ಮಗಳು ಸಂಧ್ಯಾಳನ್ನು ಕೊಟ್ಟಿದ್ದಳು. ಆ ಮನೆಯ ಮಗಳು ಮಮತಾಳಿಗೆ ಈ ರವಿತೇಜನನ್ನು ನೋಡಿದವಳೂ ಅವಳೇ. ರವಿತೇಜ ರಾಯದುರ್ಗದ ಜೀನ್ಸ್ ಹೊಲಿಯುವ ಘಟಕದಲ್ಲಿ ಟೈಲರ್. ಅವನ ಮನೆಯ ಮಾಳಿಗೆಯ ಮೇಲೆ ಅಜ್ಜನ ಕಾಲದಿಂದ ಪಾರಿವಾಳದ ಗೂಡು.

ಆ ಮನೆಯವರದೊಂದು ಪದ್ಧತಿ ಇತ್ತು. ಬೀಗತನದ ಮನೆಗೆ ಹೋದಾಗ ಮನೆಯದೇ ಒಂದು ಪಾರಿವಾಳ ಒಯ್ಯುವುದು, ಕೆಲಸ ಸುಸೂತ್ರವಾದರೆ ಅಲ್ಲಿಂದ ಹಾರಿಸುವುದು. ಹಕ್ಕಿ ಬಂತೆಂದರೆ ಇಲ್ಲಿ ಓಣಿಗೆಲ್ಲ ಸಕ್ಕರೆ. ಕೈಯಲ್ಲಿ ಮೊಬೈಲ್ ಇದ್ದರೂ ಅದನ್ನು ಬಿಟ್ಟಿರಲಿಲ್ಲ. ಅಂದು ರವಿತೇಜ ತಾನೇ ಹೊಲಿದ ಮದುವೆಯ ರವಿಕೆಗಳನ್ನು ಮಮತಾಳಿಗೆ ಕೊಡಲು ಹೋಗಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ರೇಷ್ಮೆ ಗೂಡು ತುಂಬಿದ ಗಾಡಿಯಲ್ಲೂ ಮಗ ಹಿಂದಿನಿಂದ ಬೈಕಿನಲ್ಲೂ ಹಿಂದೂಪುರದ ಮಾರುಕಟ್ಟೆಗೆ ಹೋಗಿದ್ದರು, ಮಮತಾ ಮತ್ತು ಸಂಧ್ಯಾ ಹಿಪ್ಪುನೇರಳೆ ತೋಟದಲ್ಲಿದ್ದರು. ಬಾಗಿಲು ತೆಗೆದೇ ಇಡುವ ಮನೆ. ರವಿಕೆ ಸರಿಹೊಂದಿದರೆ ಹಾರಿಸು ಎಂದು ಮಮತಾಳಿಗೆ ಫೋನಿನಲ್ಲಿ ಹೇಳಿ, ಬಟ್ಟೆಯ ಗಂಟನ್ನೂ ಪಾರಿವಾಳದ ಬುಟ್ಟಿಯನ್ನೂ ಕೋಣೆಯ ಪೆಟ್ಟಿಗೆಯ ಮೇಲಿಟ್ಟು, ಹತ್ತು ಗಂಟೆಯ ಬಸ್ಸು ಹತ್ತಿದ.

ಪೆಟ್ಟಿಗೆಯೊಳಗೆ ಮಮತಾಳ ಸತ್ತ ತಾಯಿಯ ಕಾಸಿನ ಸರವೂ ಸೊಂಟದ ಡಾಬೂ ಇದ್ದವು. ಮಧ್ಯಾಹ್ನ ಮಮತಾ ತೋಟದಿಂದ ಬಂದಾಗ ಒಡವೆ ಇರಲಿಲ್ಲ. ಬುಟ್ಟಿ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ಇಲ್ಲಿ ರಾಯದುರ್ಗದಲ್ಲಿ ಹಕ್ಕಿ ಬಂದು ಕೂತಿತ್ತು. ರವಿಕೆ ಹೊಂದಿತು ಎಂದು ಸಾಯಿಲಕ್ಷ್ಮಿ ಹಿಗ್ಗಿ, ಸೊಸೆಯಾಗುವವಳಿಗೆ ಕಳಿಸಲೆಂದು ಅದರ ಫೋಟೋ ತೆಗೆದು, ಸಕ್ಕರೆ ಹಂಚಿದ್ದಳು. ಫೋಟೋದಲ್ಲಿ ಹೊತ್ತು ಹನ್ನೆರಡು ಎಂದಿತ್ತು.

ಪೊಲೀಸರು ಬೇಡ, ಮದುವೆಯ ಮನೆ ಎಂದು ಸಣ್ಣತಿಮ್ಮಪ್ಪ ಬೀಗಿತ್ತಿಯನ್ನೇ ಕರೆಸಿದ್ದ. ಅವಳಿಗೆ ಆ ಫೋಟೋ ಸಾಕಾಯಿತು. ಪೆಟ್ಟಿಗೆ ತೆಗೆಯಲು ಬುಟ್ಟಿ ಕೆಳಗಿಳಿಸಿದಾಗಲೇ ಹಕ್ಕಿ ಹಾರಿರಬೇಕು ಎಂದಳು. ಬಳ್ಳಾರಿಯಿಂದ ಬಿಟ್ಟಾಗ ಇದೇ ಪಾರಿವಾಳ ಎಷ್ಟು ಹೊತ್ತಿಗೆ ಬರುತ್ತಿತ್ತೆಂದು ಸಾಯಿಲಕ್ಷ್ಮಿಯ ಓಣಿಯವರಿಂದ ಕೇಳಿಕೊಂಡಳು. ಗಂಟೆಗೆ ಅರವತ್ತು ಕಿಲೋಮೀಟರ್ ಎಂದು ಬಂತು. ಮಡಕಶಿರಾ, ಪಾವಗಡ, ಕಲ್ಯಾಣದುರ್ಗ, ರಾಯದುರ್ಗ ಎಂದು ಅಂಗಳದಲ್ಲಿ ನಿಂತು ಬೆರಳು ಮಡಚಿದಳು. ನೂರ ಮೂವತ್ತು ಕಿಲೋಮೀಟರ್. ಹನ್ನೆರಡರಿಂದ ಹಿಂದಕ್ಕೆ ಎಣಿಸಿದರೆ ಪೆಟ್ಟಿಗೆ ತೆಗೆದದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಆಗ ಆ ಮನೆಯಲ್ಲಿ ಇದ್ದವನು ರವಿತೇಜ ಒಬ್ಬನೇ. ಮಾತು ಮುಗಿಯಿತು.

ನಾನು ತಗೊಂಡಿಲ್ಲ ಎಂದಷ್ಟೇ ಅಂದು ಹುಡುಗ ತಲೆ ತಗ್ಗಿಸಿದ್ದ. ಬೀಗರ ಕಾಲಿಗೆ ಬಿದ್ದ ಸಾಯಿಲಕ್ಷ್ಮಿಯನ್ನು ಎಬ್ಬಿಸಿದವಳು ಚೌಡೇಶ್ವರಿಯೇ.

"ಚಾ ಮಾಡ್ಲೇನ್ರಿ ಅಕ್ಕಾರ?" ಸಾಯಿಲಕ್ಷ್ಮಿ ಕೇಳಿದಳು.

ಬೇಡ ಎಂದಳು. ಈ ಮನೆಯ ಚಹಾ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹೇಳಲಾಗಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು, ಆ ಪಾರಿವಾಳ ಈಗಲೂ ಇದೆಯೇ ಎಂದು ಕೇಳಿದಳು.

ಸಾಯಿಲಕ್ಷ್ಮಿ ಬ್ಲೇಡು ಕೆಳಗಿಟ್ಟಳು. ಇದೆ, ಆದರೆ ಅದನ್ನು ನೋಡಲು ಮನಸ್ಸಾಗುವುದಿಲ್ಲ ಎಂದಳು. ಅವತ್ತು ಬೆಳಗಿನಿಂದ ಮಾಳಿಗೆಯ ಮೇಲೆ ನಿಂತು ಗುಮ್ಮಘಟ್ಟದ ಕಡೆಯೇ ಮುಖ ಮಾಡಿ ಕಾದಿದ್ದಳಂತೆ. ಅದು ಆ ಕಡೆಯಿಂದ ಚುಕ್ಕೆಯ ಹಾಗೆ ಕಂಡು ದೊಡ್ಡದಾಗುತ್ತಾ ಬಂದಾಗ ಕಣ್ಣಲ್ಲಿ ನೀರು ಬಂದಿತ್ತಂತೆ.

ಕಲ್ಯಾಣದುರ್ಗದ ಕಡೆಯಿಂದ ಅಲ್ಲವೇ ಎಂದಳು ಚೌಡೇಶ್ವರಿ. ಮಡಕಶಿರಾದಿಂದ ಬರುವ ಯಾವುದೂ ಆ ರಸ್ತೆ ಬಿಟ್ಟು ಬಂದದ್ದನ್ನು ಅವಳು ಕಂಡಿರಲಿಲ್ಲ.

"ಅದ್ಯಾಕ ಅಲ್ಲಿಂದ ಬರ್ತೈತ್ರಿ? ಅದೇನು ಬಸ್ಸೇ, ಸ್ಟ್ಯಾಂಡಿಗೆ ಹೋಗಿ ಬರಾಕ?"

ಸಾಯಿಲಕ್ಷ್ಮಿ ಇದನ್ನು ಚುಚ್ಚಲು ಅಂದದ್ದಲ್ಲ. ಅಂದು, ಮತ್ತೆ ಬ್ಲೇಡು ಎತ್ತಿಕೊಂಡಳು. ಚೌಡೇಶ್ವರಿ ಮಾತ್ರ ತಲೆ ಎತ್ತಿ ಗೋಡೆಯ ಕಡೆ ನೋಡಿದಳು.

ಹೊಲಿಗೆ ಯಂತ್ರದ ಹಿಂದಿನ ಗೋಡೆಯ ಬಿರುಕು ಮುಚ್ಚಲು ಹಳೆಯ ಅನಂತಪುರ ಜಿಲ್ಲೆಯ ನಕಾಶೆ ಅಂಟಿಸಿದ್ದರು. ಜಿಲ್ಲೆ ಎರಡಾಗುವ ಮುಂಚಿನದು. ಅವಳು ಎದ್ದು, ಯಂತ್ರದ ಮೇಲಿದ್ದ ಅಳತೆಯ ಟೇಪು ತೆಗೆದುಕೊಂಡಳು. ಮೊದಲು ಕೆಂಪು ಗೆರೆ ಬಾಗಿದ ಹಾಗೆ ಟೇಪನ್ನೂ ಬಾಗಿಸುತ್ತಾ, ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಅಲ್ಲಿಂದ ಮಡಕಶಿರಾ. ಇಪ್ಪತ್ತಾರು ಸೆಂಟಿಮೀಟರ್. ಕೆಳಗೆ ಒಂದಕ್ಕೆ ಐದು ಕಿಲೋಮೀಟರ್ ಎಂದು ಬರೆದಿತ್ತು. ನೂರ ಮೂವತ್ತು, ತನ್ನ ಬಸ್ಸಿನ ಲೆಕ್ಕವೇ.

ಆಮೇಲೆ ಟೇಪಿನ ಒಂದು ತುದಿಯನ್ನು ರಾಯದುರ್ಗದ ಚುಕ್ಕೆಯ ಮೇಲೆ ಒತ್ತಿ ಹಿಡಿದು, ನೇರವಾಗಿ ಮಡಕಶಿರಾದ ಚುಕ್ಕೆಗೆ ಎಳೆದಳು. ಗುಮ್ಮಘಟ್ಟದ ಕಡೆಯಿಂದ ಹಾದು, ಪಕ್ಕದ ರಾಜ್ಯವೆಂದು ರಸ್ತೆಯ ಗೆರೆ ಮಾತ್ರ ಎಳೆದು ಬಿಳಿ ಬಿಟ್ಟಿದ್ದ ಜಾಗವನ್ನು ದಾಟಿ ಟೇಪು ನೆಟ್ಟಗೆ ಹೋಯಿತು. ಹತ್ತೊಂಬತ್ತು. ಇನ್ನೊಮ್ಮೆ ಹಿಡಿದು ನೋಡಿದಳು. ಹತ್ತೊಂಬತ್ತೇ.

ತೊಂಬತ್ತೈದು ಕಿಲೋಮೀಟರ್.

ಬಳ್ಳಾರಿಯ ರಸ್ತೆ ಹೆಚ್ಚು ಕಡಿಮೆ ನೆಟ್ಟಗಿದೆ, ಹಾಗಾಗಿ ಅಲ್ಲಿ ಅವಳ ಲೆಕ್ಕ ಸರಿಹೋಗಿತ್ತು. ಇಲ್ಲಿ ಹಕ್ಕಿಯನ್ನು ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿಗೆ ಕರೆದೊಯ್ದು ತಂದಿದ್ದಳು. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡಳು. ಹಕ್ಕಿಗೆ ಆಕಾಶ ಇದೆ ಎಂದು ಎಳೆಯ ಮಗುವಿಗೂ ಗೊತ್ತು, ಜೀವಮಾನವೆಲ್ಲ ಟಿಕೆಟ್ ಹರಿದವಳಿಗೆ ಗೊತ್ತಾಗಲಿಲ್ಲ. ಅದೂ ಜನರ ಎದುರು, ಬೆರಳು ಮಡಚಿ, ದೊಡ್ಡ ದನಿಯಲ್ಲಿ ಹೇಳಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾದವು. ಗೋಡೆಯಿಂದ ಮುಖ ತಿರುಗಿಸುವ ಧೈರ್ಯವಾಗಲಿಲ್ಲ.

ಹಾಗೇ ನಿಂತು ಹಿಂದಕ್ಕೆ ಎಣಿಸಿದಳು. ಒಂದೂವರೆ ಗಂಟೆಯ ಮೇಲೆ ಒಂದು ಐದು ನಿಮಿಷ. ಹಕ್ಕಿ ಹಾರಿದ್ದು ಹತ್ತೂವರೆಯ ಹೊತ್ತಿಗೆ. ಆಗ ರವಿತೇಜ ಬಸ್ಸಿನಲ್ಲಿ ಪಾವಗಡದ ದಾರಿಯಲ್ಲಿದ್ದ. ಹತ್ತು ಗಂಟೆಯ ಬಸ್ಸು ಹತ್ತಿದ್ದನ್ನು ಊರೇ ನೋಡಿತ್ತು.

ಹಾಗಾದರೆ ಹತ್ತೂವರೆಗೆ ಆ ಮನೆಯಲ್ಲಿ ಯಾರಿದ್ದರು?

ಅದನ್ನು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ತೋಟದಿಂದ ತಾನೊಬ್ಬಳೇ ಮುಂಚೆ ಬಂದೆ, ಮುದ್ದೆಗೆ ಎಸರಿಟ್ಟಾಗ ಹತ್ತೂಕಾಲು ದಾಟಿತ್ತು ಎಂದು ಮಗಳು ಸಂಧ್ಯಾಳೇ ಅಂದು ಹೇಳಿದ್ದಳು. ಹತ್ತು ಗಂಟೆಯ ಆಚೆಯದು ನನಗೆ ಬೇಡ ಎಂದು ಅವಳ ಮಾತನ್ನು ಅರ್ಧಕ್ಕೇ ತಡೆದಿದ್ದಳು ಈ ಮಹಾತಾಯಿ.

ಟೇಪನ್ನು ಸುತ್ತಿ ಯಂತ್ರದ ಮೇಲಿಟ್ಟಳು. ಹುಡುಗನನ್ನು ಬಿಡಿಸಿದರೆ ಮಗಳು ಸಿಕ್ಕಿಬೀಳುತ್ತಾಳೆ. ಬಾಯಿ ಮುಚ್ಚಿಕೊಂಡು ತಟ್ಟೆ ಒಯ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂದು ಬೇರೆಯವರನ್ನು ಎಷ್ಟು ಸಲ ಹಂಗಿಸಿದ್ದಳೋ. ಒಂದು ಗಳಿಗೆ, ಒಂದೇ ಗಳಿಗೆ, ತಟ್ಟೆ ಎತ್ತಿಕೊಂಡು ಹೊರಟುಬಿಡೋಣ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ತಟ್ಟಿ ಇಲ್ಲೇ ಇರ್ಲಿ ಸಾಯಿಲಕ್ಷ್ಮಿ," ಎಂದಳು. "ಆ ಅಂಗಿ ಬಿಚ್ಚಬ್ಯಾಡ."

ಸಾಯಿಲಕ್ಷ್ಮಿಯ ಕೈ ನಿಂತಿತು. ಯಾಕೆ ಎಂದು ಕೇಳಿದಳು. ಆ ಮುಖದಲ್ಲಿ ಮೂಡಿದ ಆಸೆಯನ್ನು ನೋಡಲಾರದೆ ಚೌಡೇಶ್ವರಿ ಚಪ್ಪಲಿ ಮೆಟ್ಟಿದಳು. ನನ್ನ ಲೆಕ್ಕ ತಪ್ಪು ಎಂದು ಆ ತಾಯಿಗೆ ಅಲ್ಲೇ ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ. ರವಿ ಎಲ್ಲಿದ್ದಾನೆ ಎಂದಷ್ಟೇ ಕೇಳಿ ಹೊರಗೆ ಬಂದಳು.

ಕಳ್ಳ ಎನಿಸಿಕೊಂಡ ಮೇಲೆ ಘಟಕದವರು ಕೆಲ ದಿನ ಬರಬೇಡ ಎಂದಿದ್ದರು. ಅವನು ಗುಮ್ಮಘಟ್ಟದಲ್ಲಿ ಸೋದರಮಾವನ ಕುರಿ ಕಾಯುತ್ತಿದ್ದ. ಚೌಡೇಶ್ವರಿ ಶೇರ್ ಆಟೋ ಹತ್ತಿದಳು. ಆಟೋದಲ್ಲಿ ಗುರುತಿನವರು, ಕಂಡಕ್ಟರಮ್ಮ ಯಾವ ಕೇಸು ಹಿಡಿದಿರಿ ಎಂದು ನಗಾಡಿದರು. ಎಂದಿನ ಹಾಗೆ ತಿರುಗಿಸಿ ಮಾತು ಕೊಡಲು ಅವಳಿಗೆ ಆಗಲಿಲ್ಲ.

ಬೆಳೆ ಕಿತ್ತ ಶೇಂಗಾ ಹೊಲದಲ್ಲಿ ಕುರಿ ಮೇಯುತ್ತಿದ್ದವು. ಬಿಸಿಲು ಇಳಿದಿತ್ತು. ರವಿತೇಜ ಅವಳನ್ನು ಕಂಡು ಎದ್ದು ನಿಂತ, ಬರ್ರಿ ದೊಡ್ಡವ್ವ ಎಂದ, ಹೆಗಲ ಮೇಲಿನ ಕಂಬಳಿ ಹಾಸಿ ಕೂರಲು ಹೇಳಿದ. ತಂದೆ ತೀರಿದ ವರ್ಷ ಅವನನ್ನು ಕೈಹಿಡಿದು ಹೊಲಿಗೆ ಘಟಕಕ್ಕೆ ಸೇರಿಸಿದವಳು ಅವಳೇ. ಅಂದಿನಿಂದ ದೊಡ್ಡವ್ವ ಎಂದೇ ಕರೆಯುತ್ತಿದ್ದ. ಈಗಲೂ ಹಾಗೇ ಕರೆದ.

ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ನಕಾಶೆ, ಟೇಪು, ತೊಂಬತ್ತೈದು, ಹತ್ತೂವರೆ. ನಿನ್ನದೇನೂ ತಪ್ಪಿಲ್ಲ, ತಪ್ಪು ನನ್ನದು ಎಂದಳು.

ಹುಡುಗನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅವನು ಕುರಿಗಳ ಕಡೆ ನೋಡುತ್ತಿದ್ದ.

"ನಿನಗ ಗೊತ್ತಿತ್ತೇನೋ ರವಿ?"

"ಪಾರಿವಾಳ ಸಾಕಾಂವ ರೀ ನಾನು. ಅದನ್ನ ಒಯ್ಯಾಕಿಂತ ಮೊದ್ಲ ಹಾರೋ ದೂರ ಎಷ್ಟಂತ ಮೊಬೈಲಿನ್ಯಾಗ ನೋಡಿದ್ದೆ. ತೊಂಬತ್ತೈದು."

"ಮತ್ತ ಅವತ್ತು ಅಂಗಳದಾಗ ಬಾಯಿ ಯಾಕ ಬಿಡ್ಲಿಲ್ಲ?"

ಅವನು ಗುಂಪು ಬಿಟ್ಟ ಒಂದು ಕುರಿಯನ್ನು ಕೋಲಿನಿಂದ ಹಿಂದಕ್ಕೆ ತಿರುಗಿಸಿದ. ಆಮೇಲೆ ಮೆಲ್ಲಗೆ ಹೇಳಿದ.

"ನೀವು ಬೇಕಂತನ ಹಂಗ ಹೇಳೀರಿ ಅಂದ್ಕೊಂಡೆ ದೊಡ್ಡವ್ವ. ಸಂಧ್ಯಕ್ಕನ್ನ ಉಳಿಸಾಕ."

ಚೌಡೇಶ್ವರಿಗೆ ಕಾಲ ಕೆಳಗಿನ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನನಗ ಗೊತ್ತಿರ್ಲಿಲ್ಲೋ," ಎಂದಳು. "ದೇವರಾಣೆ ಗೊತ್ತಿರ್ಲಿಲ್ಲ."

"ನಿಮಗ ಗೊತ್ತಿಲ್ಲದ್ದು ಒಂದು ಕಿಲೋಮೀಟರ್ ಐತಿ ಅಂತ ನಾನು ಹ್ಯಾಂಗ ನಂಬ್ಲಿ ಹೇಳ್ರಿ."

ದಡ್ಡಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದಳು. ಮಗಳಿಗಾಗಿ ಬೇಕೆಂದೇ ಸುಳ್ಳು ಹೇಳಿ ಪರರ ಮಗನನ್ನು ಬಲಿಕೊಟ್ಟವಳು ಎಂದು ಈ ಹುಡುಗ ಇಷ್ಟು ದಿನ ನಂಬಿದ್ದ. ನಂಬಿಯೂ ಸಿಟ್ಟು ಮಾಡಿಕೊಂಡಿರಲಿಲ್ಲ. ಇವತ್ತು ಮಧ್ಯಾಹ್ನ ಒಂದು ಗಳಿಗೆ ತಾನು ನಿಜಕ್ಕೂ ಅಂಥವಳೇ ಆಗಿದ್ದೆನಲ್ಲ ಎನ್ನುವುದು ನೆನಪಾಗಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರವಿತೇಜ ಸಮಾಧಾನ ಹೇಳಿದ. ಆಗಿದ್ದು ಆಗಿಹೋಯಿತು, ತಟ್ಟೆ ಒಯ್ದು ಕೊಟ್ಟುಬಿಡಿ ಎಂದ. ಮಮತಾ ಫೋನು ಎತ್ತುವುದನ್ನೇ ಬಿಟ್ಟಿದ್ದಾಳಂತೆ. ತಾನು ಕುರಿ ಕಾಯ್ದುಕೊಂಡು ಇರಬಲ್ಲೆ, ಸಂಧ್ಯಕ್ಕ ಆ ಮನೆಯಿಂದ ಹೊರಗೆ ಬಿದ್ದರೆ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದ.

"ನಿಮ್ಮ ಮಗಳ ಮನಿ ಒಡದು ನಾನು ಹಸಿಮಣಿ ಏರಬೇಕೇನ್ರಿ?"

ಚೌಡೇಶ್ವರಿ ಕಣ್ಣೊರೆಸಿಕೊಂಡು ಮೊಬೈಲ್ ತೆಗೆದಳು. ಅವನು ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಸಂಧ್ಯಾಳ ನಂಬರು ಒತ್ತಿದಳು. ಕದ್ದಿದ್ದರೆ ಕದ್ದೆ ಅನ್ನಲಿ, ಇವನೂ ಕೇಳಲಿ ಎಂದು ಸ್ಪೀಕರು ಹಾಕಿದಳು.

ಸಂಧ್ಯಾ ಎತ್ತಿದಳು. ಹುಳದ ಮನೆಯಲ್ಲಿದ್ದೇನೆ, ಸೊಪ್ಪು ಹಾಕುತ್ತಿದ್ದೇನೆ ಎಂದಳು. ಊಟವಾಯಿತೇ ಎಂದೂ ಕೇಳದೆ ತಾಯಿ ನೇರ ವಿಷಯಕ್ಕೆ ಬಂದಳು.

"ಸಂಧ್ಯಾ, ಹಕ್ಕಿ ಹಾರಿದ್ದು ಹತ್ತೂವರಿಗೆ. ನಾನು ರಸ್ತೆ ಲೆಕ್ಕ ಹಾಕಿದ್ದೆ. ಹಾರೋ ದೂರ ತೊಂಬತ್ತೈದ ಕಿಲೋಮೀಟರ್."

ಆ ಕಡೆ ಸೊಪ್ಪಿನ ಸದ್ದು ನಿಂತಿತು.

"ಈಗ ಗೊತ್ತಾತೇನವ್ವ ನಿನಗ?" ಎಂದಳು ಸಂಧ್ಯಾ. ಅವಳು ಅಳುತ್ತಿದ್ದಳು. "ಬುಟ್ಟಿ ಮುಚ್ಚಳ ತಗದಾಕಿ ನಾನ."

ರವಿತೇಜ ಮುಖ ಆಚೆ ತಿರುಗಿಸಿದ. ಚೌಡೇಶ್ವರಿ ಮೊಬೈಲನ್ನು ಬಾಯಿಗೆ ಹತ್ತಿರ ತಂದಳು.

"ಒಡವಿ?"

"ಒಡವಿ ನಾನು ಮುಟ್ಟಿಲ್ಲ. ತಗೊಂಡೋರನ್ನ ನೋಡಿದೆ. ಅವ್ರು ಬುಟ್ಟಿ ಕೆಳಗಿಟ್ಟು ಪೆಟಗಿ ತಗದ್ರು, ನಾನು ಅಡಿಗಿ ಮನಿ ಕಿಂಡಿಯಾಗ ನಿಂತಿದ್ದೆ. ಅವ್ರು ಹೋದ ಮ್ಯಾಲ ಹಕ್ಕಿ ಬಿಟ್ಟೆ."

ಮಾತು ತಡೆತಡೆದು ಬಂತು. ಕಂಡದ್ದನ್ನು ತನ್ನ ಬಾಯಿಂದ ಹೇಳುವ ಹಾಗಿರಲಿಲ್ಲವಂತೆ. ಕಳ್ಳತನ ಹೊರಗಿನಿಂದ ಬಂದ ಹುಡುಗನ ತಲೆಗೇ ಬರುತ್ತದೆ ಎಂದು ಆಗಲೇ ಗೊತ್ತಾಗಿತ್ತಂತೆ. ರವಿ ಬಸ್ಸಿನಲ್ಲಿರುವ ಹೊತ್ತಿಗೆ ಹಕ್ಕಿ ಇಲ್ಲಿಂದ ಹಾರಿದರೆ, ಅದು ಮುಟ್ಟಿದ ಹೊತ್ತು ನೋಡಿ ಅವ್ವ ಲೆಕ್ಕ ಹಾಕುತ್ತಾಳೆ, ಅವನನ್ನು ಬಿಡಿಸುತ್ತಾಳೆ. ಹಾಗೆಂದು ಹಾರಿಸಿದ್ದಳು.

"ಕಿಲೋಮೀಟರ್ ವಿಷಯದಾಗ ನಮ್ಮವ್ವ ತಪ್ಪಾಕಿ ಅಲ್ಲ ಅಂತ ನಂಬಿ ಬಿಟ್ಟಿದ್ದೆ ಅವ್ವ."

ಮಗಳು ಹುಡುಗನಿಗೆಂದು ಕಳಿಸಿದ ಒಂದೇ ಒಂದು ಸಾಕ್ಷಿಯನ್ನು ಹಿಡಿದು ಅವನ ಕೊರಳಿಗೇ ಬಿಗಿದಿದ್ದಳು ಚೌಡೇಶ್ವರಿ. ಅವಳು ಹೊಲದ ಹೆಂಟೆಗಳ ಮೇಲೆಯೇ ಕೂತಳು. ಕೂತೇ ಕೇಳಿದಳು.

"ಯಾರವ್ವ ಅದು? ಪೆಟಗಿ ತಗದೋರು ಯಾರು?"

ಆ ಕಡೆ ಬಾಗಿಲು ಸರಿದ ಸದ್ದು ಕೇಳಿತು. ತಟ್ಟೆಯೊಂದು ಕೆಳಗೆ ಬಿತ್ತು. ಆಮೇಲೆ ಮೊಬೈಲು ಕೈ ಬದಲಾಯಿಸಿದ್ದು ತಿಳಿಯಿತು.

"ಅತ್ತೆ, ನಾನು," ಎಂದ ಅಳಿಯ ನಾಗಾರ್ಜುನ. ದನಿ ಎಂದಿನ ಹಾಗೆ ಮೆತ್ತಗೆ, ಮರ್ಯಾದೆಯಿಂದಲೇ ಇತ್ತು. "ಅದೇನೋ ದೂರದ ಲೆಕ್ಕ ಹೇಳ್ತಿದ್ರಂತೆ. ಎಷ್ಟು ಕಿಲೋಮೀಟ್ರು ಅಂದ್ರಿ? ಇನ್ನೊಂದ್ ಕಿತ ಹೇಳಿ."

ರವಿತೇಜ ಅವಳ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಬೇಡ ಎಂದು ಜೋರಾಗಿ ತಲೆ ಆಡಿಸಿದ. ನೂರ ಮೂವತ್ತು ಎನ್ನಲು ತುಟಿಯಲ್ಲೇ ತೋರಿಸಿದ. ಹಾಗೆಂದರೆ ಸಾಕಿತ್ತು. ಮಗಳು ಇವತ್ತು ಆ ಮನೆಯಲ್ಲಿ ನೆಮ್ಮದಿಯಾಗಿ ಮುದ್ದೆ ತಿನ್ನುತ್ತಿದ್ದಳು, ನಾಳೆ ತಟ್ಟೆ ಹೋಗುತ್ತಿತ್ತು, ಈ ಹುಡುಗ ಕುರಿಯ ಹಿಂದೆ ಹೋಗುತ್ತಿದ್ದ.

ಚೌಡೇಶ್ವರಿ ಆ ಹುಡುಗನ ಮುಖ ನೋಡಿದಳು. ನೋಡುತ್ತಲೇ ಹೇಳಿದಳು.

"ತೊಂಬತ್ತೈದು."

ಲೈನು ಕಡಿಯಿತು. ಅವಳು ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಮಗಳ ಫೋನು ಸ್ವಿಚ್ ಆಫ್ ಆಗಿತ್ತು.